ಜಾಯ್‌ಸ್ಟಿಕ್ಕಿನ ವಾಸನೆ

ಬೀಡಿಯ ಹೊಗೆಸೊಪ್ಪಿನ ಹುಡಿಗೆ ಒಂದು ವಾಸನೆ ಉಂಟು. ಸೇದಿದ ಹೊಗೆಯ ನಾತವಲ್ಲ ಅದು. ಬಿಸಿಲಿಗೆ ಒಣಗಿದ ಗೋಣಿಯ ಹಾಗೆ, ಮೂಗಿನ ಬುಡಕ್ಕೆ ಹೋಗಿ ಕೂರುವಂಥದ್ದು. ಮೊನ್ನೆ ಹಂಪನಕಟ್ಟೆಯಲ್ಲಿ ಸಿಟಿ ಬಸ್ಸು ಹತ್ತಿ ಕೂತರೆ, ಪಕ್ಕದ ಹೆಂಗಸಿನ ಕೈಯಿಂದ ಅದೇ ವಾಸನೆ ಬಂತು. ಅದೇ ಹೊತ್ತಿಗೆ ಫೋನಿನಲ್ಲಿ ನಮ್ಮ ಕುಟುಂಬದ ಗ್ರೂಪು ಗಲಗಲ ಅನ್ನುತ್ತಿತ್ತು. ನಲವತ್ತರ ಆಚೀಚೆಯ ನನ್ನ ಅಣ್ಣತಮ್ಮಂದಿರೆಲ್ಲ ಸೇರಿ ಚಿಕ್ಕಂದಿನಲ್ಲಿ ಆಡಿದ ವಿಡಿಯೋ ಗೇಮುಗಳಲ್ಲಿ ಯಾವುದು ಒಳ್ಳೆಯದು, ಯಾವುದು ಬೋಗಸ್ ಎಂದು ತೀರ್ಪು ಕೊಡುತ್ತಿದ್ದರು. ಕೊನೆಗೆ ದೊಡ್ಡಮ್ಮನ ಮಗ ಸುರೇಶ ಬರೆದ: "ಆ ಜಾಯ್‌ಸ್ಟಿಕ್ ಯಾವಾಗ್ಲೂ ಬೀಡಿ ನಾತ ಹೊಡೀತಿತ್ತು ಮಾರಾಯ. ಮಾಮ ಕದ್ದು ಸೇದ್ತಿದ್ರು ಅಂತ ಕಾಣ್ತದೆ." ಕೆಳಗೆ ಸಾಲುಸಾಲಾಗಿ ನಗು. ನನಗೆ ಮೈಯೆಲ್ಲ ಉರಿದುಹೋಯಿತು.

ಉರ್ವ ಮಾರ್ಕೆಟಿನ ಹಿಂದೆ ನಮ್ಮ ಹೆಂಚಿನ ಮನೆ ಇತ್ತು. ಈಗ ಅಲ್ಲಿ ಅಪಾರ್ಟ್‌ಮೆಂಟು. ನಮ್ಮ ಚಾವಡಿ ಇದ್ದಲ್ಲಿ ಯಾರದೋ ಕಾರು ನಿಲ್ಲುತ್ತದೆ. ಆ ಚಾವಡಿಯ ಟಿವಿಗೆ ನಮ್ಮ ಮಾಮ ದುಬೈಯಿಂದ ತಂದ ಗೇಮು ಸಿಕ್ಕಿಸಿದ್ದೆವು. ಡಬ್ಬಿಯ ಮೇಲೆ ಸಾವಿರ ಗೇಮು ಎಂದು ಬರೆದಿತ್ತು. ಇದ್ದದ್ದು ಆರು, ಉಳಿದವೆಲ್ಲ ಅವೇ, ಬಣ್ಣ ಬದಲಿಸಿಕೊಂಡು ಬಂದವು. ಶುದ್ಧ ಮೋಸ. ಅದನ್ನು ಮೊದಲು ಕಂಡುಹಿಡಿದವಳು ಅಮ್ಮನ ಕಿರಿಯ ತಂಗಿ, ವಸಂತಿ ಚಿಕ್ಕಮ್ಮ. ನಾವು ಶಾಲೆಗೆ ಹೋದ ಮೇಲೆ ಮಡಿಲಿನ ಬೀಡಿ ಕಟ್ಟುವ ಮೊರ ಬದಿಗಿಟ್ಟು, ಒಂದೊಂದನ್ನೇ ಹಾಕಿ ನೋಡಿದ್ದಳು. ಮದುವೆಯ ವಯಸ್ಸು ದಾಟುತ್ತಿರುವ ಹೆಂಗಸು ಮಕ್ಕಳಾಟ ಆಡುವುದು ಅಜ್ಜಿಗೆ ಕಂಡರಾಗದು. ಶಾಲೆಯಿಲ್ಲದ ದಿನ ನಾನು ಪಕ್ಕದಲ್ಲಿ ಕೂತಿರುವಾಗ ಅಂಗಳದಲ್ಲಿ ಅಜ್ಜಿಯ ಚಪ್ಪಲಿ ಸದ್ದು ಕೇಳಿತೋ, ಜಾಯ್‌ಸ್ಟಿಕ್ ನನ್ನ ಕೈಗೆ, ಮೊರ ಅವಳ ಮಡಿಲಿಗೆ. ಹತ್ತು ವರ್ಷದ ಹುಡುಗಿ ಎಷ್ಟು ಚೆಂದ ಆಡುತ್ತಾಳೆ ಎಂದು ಎಲ್ಲರೂ ನನ್ನನ್ನು ಹೊಗಳುತ್ತಿದ್ದರು.

ಅವಳ ಹಾಗೆ ಗೇಮು ಅಳೆದವರನ್ನು ನಾನು ಇವತ್ತಿಗೂ ಕಂಡಿಲ್ಲ. ಕಾರಿನ ಗೇಮು ಅವಳಿಗೆ ಸೇರದು: ಸ್ಪೀಡು ಏರುತ್ತಲೇ ಹೋಗುತ್ತದೆ, ತಲುಪುವ ಊರೇ ಇಲ್ಲ, ಎಂತ ಸಾವು ಅನ್ನುತ್ತಿದ್ದಳು. ಟ್ಯಾಂಕಿನದ್ದು ಪರವಾಗಿಲ್ಲ, ಇಬ್ಬರು ಒಟ್ಟಿಗೆ ಆಡಬಹುದು. ಆದರೆ ನಮ್ಮ ಗುಂಡು ನಮ್ಮವರಿಗೇ ತಾಗುತ್ತದೆ, ಮಾಡಿದವನಿಗೆ ತಲೆ ಸರಿ ಇಲ್ಲ. ಅವಳ ಜೀವವೆಂದರೆ ಒಬ್ಬ ಪುಟ್ಟ ಮನುಷ್ಯ ಹೊಂಡ ಹಾರುತ್ತ ಕೊನೆಯ ಕೋಟೆಗೆ ಹೋಗುವ ಗೇಮು. ಬಟನ್ ಎಷ್ಟು ಒತ್ತಿದರೆ ಅಷ್ಟೇ ಹಾರುತ್ತಾನೆ, ಬೆರಳಿನ ಮಾತು ಕೇಳುತ್ತಾನೆ ಎಂದು ಮೆಚ್ಚುತ್ತಿದ್ದಳು. ಬೆಳಗ್ಗಿನಿಂದ ಬೀಡಿ ಕಟ್ಟಿದ ಬೆರಳುಗಳಿಗೆ ಅಳತೆಯನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅದರಲ್ಲೂ ಒಂದು ಕೊರತೆ ಹುಡುಕಿದ್ದಳು.

"ಗೇಮ್ ಒಳ್ಳೇದುಂಟು. ಆಡಿದವರ ಹೆಸರು ಬರೀಲಿಕ್ಕೆ ಮಾತ್ರ ಜಾಗ ಇಲ್ಲ."

ಆ ವರ್ಷ ರಜೆಗೆ ಬಂದ ಮಾಮ, ಕೊನೆಯ ಕೋಟೆ ಗೆದ್ದವರಿಗೆ ಒಂದು ವಾಚು ಎಂದು ಘೋಷಿಸಿದರು. ಗಂಡುಹುಡುಗರು ಮೂರು ದಿನ ಕಿತ್ತಾಡಿದರು, ಒಬ್ಬನಿಗೂ ಆಗಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಊಟವಾಗಿ ಎಲ್ಲರೂ ಮಲಗಿದಾಗ ಚಿಕ್ಕಮ್ಮ ಕೂತಳು. ಪಕ್ಕದಲ್ಲಿ ನಾನೊಬ್ಬಳೇ. ಅವಳು ಗೆದ್ದಳು. ಟಿವಿ ಇನ್ನೂ ಪೀಪಿ ಊದುತ್ತಿರುವಾಗಲೇ ಚಪ್ಪಲಿ ಸದ್ದು. ಅಭ್ಯಾಸಬಲದಿಂದ ಜಾಯ್‌ಸ್ಟಿಕ್ ನನ್ನ ಕೈಗೆ ಬಂತು. ಅಜ್ಜಿಯ ಹಿಂದೆಯೇ ಮಾಮ. ಯಾರು ಗೆದ್ದದ್ದು ಎಂದು ಕೇಳಿದರು. ನಾನು ಎಂದೆ. ಎಷ್ಟು ಸಲೀಸಾಗಿ ಎಂದೆ! ಮಾಮ ಜಾಯ್‌ಸ್ಟಿಕ್ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು. ತಲೆ ತಗ್ಗಿಸಿ ಬೀಡಿಯ ಎಲೆ ಕತ್ತರಿಸುತ್ತಿದ್ದ ತಂಗಿಯನ್ನು ಒಮ್ಮೆ ನೋಡಿದರು. ಆಮೇಲೆ ವಾಚು ತಂದು ನನ್ನ ಕೈಗೆ ಕಟ್ಟಿದರು. ಅವರಿಗೆ ಗೊತ್ತಾಗಿತ್ತು. ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ, ಗೊತ್ತಾಗಿತ್ತು. ಗೊತ್ತಾಗಿಯೂ ಬಾಯಿ ಮುಚ್ಚಿಕೊಂಡ ಅವರ ಮೇಲೆ ನನಗೆ ಸಿಟ್ಟು, ಬಾಯಿ ಬಿಟ್ಟ ನನ್ನ ಮೇಲೆ ಅದಕ್ಕಿಂತ ಹೆಚ್ಚು. ಚಿಕ್ಕಮ್ಮ ಹೇಳಿದ್ದು ಒಂದೇ ಮಾತು: "ನಿನ್ನ ಕೈಗೆ ಚೆಂದ ಕಾಣ್ತದೆ." ಅದರಲ್ಲಿ ಚೂರು ಹೊಟ್ಟೆಕಿಚ್ಚಾದರೂ ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮದುವೆಯಾಗಿ ಕುದ್ರೋಳಿಗೆ ಹೋದ ಮೇಲೂ ಅವಳು ಬೀಡಿಯನ್ನೇ ಕಟ್ಟಿದಳು. ಹೋದ ವರ್ಷ ತೀರಿಕೊಂಡಳು. ಅವಳ ಹದಿಮೂರನೆಯ ದಿನದ ಊಟಕ್ಕೆ ಕೂತಲ್ಲೂ ಈ ಅಣ್ಣತಮ್ಮಂದಿರು ನನ್ನನ್ನು ಚಾಂಪಿಯನ್ ಎಂದು ಕರೆದರು, ನಾನು ಅನ್ನಕ್ಕೆ ಸಾರು ಕಲಸಿದೆ.

ಬಸ್ಸಿನಲ್ಲಿ ಕೂತು ಬರೆದೆ: "ಆ ವಾಸನೆ ಮಾಮನದ್ದಲ್ಲ. ವಸಂತಿ ಚಿಕ್ಕಮ್ಮನ ಕೈಯದ್ದು. ಕೊನೆಯ ಕೋಟೆ ಗೆದ್ದದ್ದು ಅವಳು. ನಾನು ಸುಳ್ಳು ಹೇಳಿ ವಾಚು ತಗೊಂಡೆ." ಆಮೇಲೆ ಸುರೇಶನಿಂದ ಒಂದು ಹಳದಿ ಹೆಬ್ಬೆರಳು ಬಂತು, ಅದರ ಬೆನ್ನಿಗೇ ಟ್ಯಾಂಕಿನ ಗೇಮಿನ ಚರ್ಚೆ ಶುರುವಾಯಿತು. ನಾನು ಆ ಹೆಬ್ಬೆರಳನ್ನೇ ನೋಡುತ್ತ ಕೂತೆ. ಚಿಕ್ಕಮ್ಮನ ಹೆಬ್ಬೆರಳೂ ಹಳದಿಯಾಗಿತ್ತು. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ.