ನಿಮ್ಮ ಕಣ್ಣಿಗೆ ಚೆಂದ ಕಂಡರೆ

ಕ್ಷೌರ ಮುಗಿದ ಮೇಲೆ ಗಿರಾಕಿಯ ತಲೆಯ ಹಿಂದೆ ಕೈಗನ್ನಡಿ ಹಿಡಿದು, ತುಟಿ ಬಿಗಿದು ನಿಲ್ಲುವುದು ಆ ಕ್ಷೌರಿಕನ ಪದ್ಧತಿ. ಹೇಗಿದೆ ಎಂದು ಕೇಳಿದರೆ ಒಂದೇ ಉತ್ತರ: "ನಿಮ್ಮ ಕಣ್ಣಿಗೆ ಚೆಂದ ಕಂಡ್ರೆ ಚೆಂದ."

"ಹೆಂಡ್ತಿ ಅಡುಗೆಗೂ ಹೀಗೇ ಅಂತೀಯೇನಯ್ಯ?" ಎಂದು ಪಕ್ಕದ ಬೀಗ ರಿಪೇರಿಯವನು ಕಿಚಾಯಿಸುತ್ತಿದ್ದ.

"ಅದು ಮಾತ್ರ ಚೆನ್ನಾಗೇ ಇರುತ್ತೆ. ರಾತ್ರಿ ಮನೆಗೆ ಹೋಗ್ಬೇಕಲ್ಲ."

ಮೀಸೆಯ ಮಾತಿರಲಿ, ಮಂತ್ರಿಗಳ ಮಾತಿರಲಿ, ಅವರವರ ಕಣ್ಣು ಅವರವರಿಗೆ ಎಂದು ಕೈ ತೊಳೆದುಕೊಳ್ಳುತ್ತಿದ್ದ. ಅವನ ಅಂಗಡಿಯಲ್ಲಿ ಎಂದೂ ಜಗಳವಾದದ್ದಿಲ್ಲ.

ಅವನ ತಂಗಿಗೆ ಒಂದು ಸಂಬಂಧ ಬಂದಿತ್ತು. ಆ ಗಂಡು ಒಂದು ದಿನ ಇದೇ ಕುರ್ಚಿಯಲ್ಲಿ ಬಂದು ಕೂತ. ಅಂಗಡಿ ಗುಡಿಸುವ ಮುದುಕಿ ಕುರ್ಚಿಯ ಬುಡದ ಕೂದಲು ಬಳಿಯಲು ಕೈ ಚಾಚಿದಳು. ಅವನ ಬೂಟು ಅವಳ ಬೆರಳುಗಳ ಮೇಲೆ ಬಂತು, ಬಂದದ್ದು ಏಳಲಿಲ್ಲ. ಕನ್ನಡಿಯಲ್ಲಿ ಅವನ ಮುಖ ನಗುತ್ತಿತ್ತು. "ಅಯ್ಯೋ ಅಜ್ಜಿ, ನೋಡ್ಲಿಲ್ಲ" ಎಂದು ಆಮೇಲೆ, ನಿಧಾನವಾಗಿ, ಕಾಲೆತ್ತಿದ.

ಸಂಜೆ ತಂಗಿ ಕೇಳಿದಳು: "ಅಣ್ಣಾ, ನಿಂಗೇನನ್ಸುತ್ತೆ? ನೀನು ಬೇಡ ಅಂದ್ರೆ ಬೇಡ."

ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕಂಡದ್ದು ತನ್ನೊಬ್ಬನ ಕಣ್ಣಿಗೆ, ತಪ್ಪಾಗಿ ಕಂಡಿದ್ದರೆ? ಕೂಡಿಬರುವ ಸಂಬಂಧಕ್ಕೆ ಕಲ್ಲು ಹಾಕಿದವನಾಗುವುದೇಕೆ?

"ನಿನ್ನ ಮನಸ್ಸಿಗೆ ಹಿಡಿಸಿದ್ರೆ ಆಯ್ತು ಕಣೇ" ಎಂದ. ಅದನ್ನು ಅವಳು ಅಣ್ಣನ ಒಪ್ಪಿಗೆ ಎಂದುಕೊಂಡಳು.

ಮದುವೆಯಾದ ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ, ಅಂಗಡಿ ಖಾಲಿಯಿದ್ದಾಗ, ತಂಗಿ ಚೀಲ ಹಿಡಿದು ಬಂದಳು. ಕುರ್ಚಿಯಲ್ಲಿ ಕೂತು, "ಕೈಗೆ ಸಿಗದಷ್ಟು ಚಿಕ್ಕದಾಗಿ ಕತ್ತರಿಸು" ಎಂದಳು.

ಯಾರ ಕೈಗೆ ಎಂದು ಅವನು ಕೇಳಲಿಲ್ಲ. ಜಡೆ ಎತ್ತಿದಾಗ, ಕತ್ತಿನ ಮೇಲುಗಡೆ ಕೂದಲು ಕಿತ್ತುಬಂದ ಬೋಳು ಜಾಗ ಕಂಡಿತು. ಕತ್ತರಿ ಅದನ್ನು ತಪ್ಪಿಸಿಕೊಂಡು ಸುತ್ತ ಸುಳಿಯಿತು.

ಮುಗಿದ ಮೇಲೆ ಅಭ್ಯಾಸದಂತೆ ಕೈಗನ್ನಡಿ ಎತ್ತಿದ.

"ಕನ್ನಡಿ ಬೇಡ, ಈಗಲಾದ್ರೂ ನೀನೇ ಹೇಳು. ಗಂಡಸು ಅಂದ್ಮೇಲೆ ಕೋಪ ಇರುತ್ತೆ, ನಿನ್ನ ಕಣ್ಣಿಗೇ ಅದು ದೊಡ್ಡದಾಗಿ ಕಾಣೋದು ಅಂತಾರೆ ಅತ್ತೆ. ಹೌದಾ?"

"ಅಲ್ಲಮ್ಮ. ಅವನು ಕೆಟ್ಟವನು. ನಿನ್ನ ಕಣ್ಣಿಗೆ, ನನ್ನ ಕಣ್ಣಿಗೆ ಅಂತಲ್ಲ, ಕೆಟ್ಟವನೇ." ಆಮೇಲೆ, ಮುಚ್ಚಿಡಲಾರದೆ, ಮುದುಕಿಯ ಬೆರಳುಗಳ ಸಂಗತಿ ಹೇಳಿದ.

ದೊಡ್ಡ ಕನ್ನಡಿಯಲ್ಲಿ ತಂಗಿ ಅವನನ್ನೇ ನೋಡಿದಳು.

"ಅಂದ್ರೆ, ಗೊತ್ತಿತ್ತು."

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಹೆಗಲ ಮೇಲಿನ ಕೂದಲು ತಾನೇ ಕೊಡವಿಕೊಂಡು ಎದ್ದಳು. "ಅತ್ತಿಗೆ ಮನೇಲಿದಾರಾ? ನಾನು ವಾಪಸ್ ಹೋಗಲ್ಲ."

ಅವನು ಚೀಲಕ್ಕೆ ಕೈ ಚಾಚಿದ. ಅವಳು ಅದನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.