ಮುತ್ತುವಿನ ತುರಿಕೆ

ಕೊಲ್ಲಮೊಗ್ರಿನ ಕೂಸಪ್ಪಣ್ಣ ಕಳೆದ ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ಎಪ್ಪತ್ತೊಂದು ವರ್ಷವಾಗಿತ್ತು. ಎದೆನೋವು ಎಂದು ಜಗಲಿಯಲ್ಲಿ ಕುಳಿತವರು ಏಳಲಿಲ್ಲ.

ಅವರಿಗೊಂದು ಬಿಳಿ ಕುದುರೆಯಿತ್ತು, ಹೆಸರು ಮುತ್ತು. ಸುಬ್ರಹ್ಮಣ್ಯಕ್ಕೆ ಬರುವ ಯಾತ್ರಿಕರ ಮಕ್ಕಳನ್ನು ಅದರ ಮೇಲೆ ಕೂರಿಸಿ, ಲಗಾಮು ಹಿಡಿದು ಮುಂದೆ ನಡೆಯುವಾಗ ಅವರ ನಡಿಗೆಯೂ ಕುದುರೆಯದೇ ಆಗಿಬಿಡುತ್ತಿತ್ತು.

ಎರಡು ವರ್ಷದ ಹಿಂದೆ ಮುತ್ತುವಿಗೆ ಬೆನ್ನಿನ ತುರಿಕೆ ಶುರುವಾಯಿತು. ಕಂಡ ಕಂಬಕ್ಕೆಲ್ಲ ಉಜ್ಜಿಕೊಂಡಿತು. ಹೆಂಡತಿ ದಮಯಂತಿಯಕ್ಕ ಬಟ್ಟೆ ಒಣಗಿಸುವ ಕಂಬ ಬಿದ್ದೇ ಹೋಯಿತು.

"ದೀಪಾವಳಿಯ ಒಳಗೆ ಇದರ ತುರಿಕೆ ಹೋಗದಿದ್ದರೆ ನೆಲ್ಯಾಡಿಯ ಪೋಕರ್‌ಗೆ ಕೊಟ್ಟುಬಿಡುದು. ಅವರು ಎರಡು ಸಲ ಕೇಳಿಯೂ ಆಗಿದೆ," ಎಂದರು ದಮಯಂತಿಯಕ್ಕ.

ಕೂಸಪ್ಪಣ್ಣನಿಗೆ ಅನ್ನ ಸೇರಲಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತು ಸುಣ್ಣದ ಮದ್ದು ಡ್ರಮ್ಮಿನಲ್ಲಿ ಉಳಿದಿತ್ತು. ಅಡಿಕೆಗೆ ಆಗುವುದು ಕುದುರೆಗೆ ಯಾಕೆ ಆಗಬಾರದು? ಎರಡು ಚೆಂಬು ಸುರಿದರು. ಮುತ್ತು ನೀಲಿಯಾಯಿತು. ತುರಿಕೆ ಇಮ್ಮಡಿಯಾಯಿತು.

"ಎಂತ ಮಾರಾಯ್ರೆ, ಇದಕ್ಕೆ ಕೃಷ್ಣವೇಷ ಹಾಕಿಸಿದ್ದಾ?" ಎಂದರು ದನದ ಡಾಕ್ಟರು ಗಾನಶ್ರೀ. ಕೊಡಗಟ್ಟಲೆ ನೀರು ಸುರಿಸಿ ತೊಳೆಸಿ, ಒರೆಸಿ ನೋಡಿದರೆ, ಗಾಯ ಇದ್ದದ್ದು ಜೀನು ಕೂರುವಷ್ಟೇ ಜಾಗದಲ್ಲಿ.

"ಜೀನಿನ ಅಡಿಗೆ ಎಂತ ಹಾಕುದು?"

ಕೂಸಪ್ಪಣ್ಣ ಹೆಮ್ಮೆಯಿಂದ ತಂದು ತೋರಿಸಿದರು. ಯುವಕ ಮಂಡಲದವರು ಅವರಿಗೆ ಹೊದೆಸಿದ ಸನ್ಮಾನದ ಶಾಲು. ಮೈತುಂಬ ಜರಿ. ಹೊದೆಸಿದ ದಿನದಿಂದ ನೀರು ಕಂಡದ್ದಲ್ಲ.

"ಮಕ್ಕಳನ್ನು ಹೊತ್ತದ್ದು ಅದು. ಸನ್ಮಾನ ನನಗೆ ಮಾತ್ರವಾ ಡಾಕ್ಟ್ರೆ?"

"ಅಂಗಿ ತೆಗೆಯಿರಿ."

"ನನಗೆಂತ ತೊಂದರೆ ಇಲ್ಲ!"

"ತೆಗೆಯಿರಿ ಮಾರಾಯ್ರೆ."

ಬರಿ ಬೆನ್ನಿಗೆ ಆ ಶಾಲು, ಮೇಲೆ ಜೀನು. ಅಂಗಳಕ್ಕೆ ಮೂರು ಸುತ್ತು ಎಂದರು ಡಾಕ್ಟರು. ಎರಡನೆಯ ಸುತ್ತಿಗೇ ಕೂಸಪ್ಪಣ್ಣನ ಕಣ್ಣು ಕಂಬ ಹುಡುಕತೊಡಗಿತು.

"ಅದು ಬಿದ್ದು ತಿಂಗಳಾಯ್ತು," ಎಂದರು ದಮಯಂತಿಯಕ್ಕ ಬಾಗಿಲಿನಿಂದಲೇ.

ಮೂರು ವಾರ ಜೀನು ಹಾಕಲಿಲ್ಲ. ದಿನಾ ಮುಲಾಮು, ಆಮೇಲೆ ಸೋಪಿನ ಅಂಶ ಉಳಿಯದಂತೆ ತೊಳೆದು ಒಣಗಿಸಿದ ಹತ್ತಿಯ ಬಟ್ಟೆ ಮಾತ್ರ. ದೀಪಾವಳಿಯ ಹೊತ್ತಿಗೆ ಬೆನ್ನಿನಲ್ಲಿ ಹೊಸ ಕೂದಲು ಮೂಡಿತ್ತು. ಹಗ್ಗ ಹಿಡಿದು ಬಂದ ಪೋಕರ್ ಚಹಾ ಕುಡಿದು ಹಗ್ಗದೊಂದಿಗೇ ಮರಳಿದರು.

ಅಂದಿನಿಂದ ಮುತ್ತುವಿನ ಬಟ್ಟೆ ಮೊದಲು ಕೂಸಪ್ಪಣ್ಣನ ಬೆನ್ನಿಗೆ. ಕಳೆದ ಮಂಗಳವಾರ ಬೆಳಿಗ್ಗೆ, ಜಗಲಿಗೆ ಬಂದು ಕೂರುವ ಮೊದಲೂ ಅಂಗಿ ಕಳಚಿ, ಅದನ್ನು ಹೊದ್ದು, ಹೆಗಲು ಕುಣಿಸಿ ನೋಡಿದರು. "ಕಚ್ಚುದಿಲ್ಲ ಮಾರಾಯ್ತಿ," ಎಂದು ಕುದುರೆಗೆ ಹೇಳಿ, ಬಟ್ಟೆಯನ್ನು ಅದರ ಬೆನ್ನಿಗೆ ಹಾಸಿ, ಒಂದು ಸುಕ್ಕೂ ಉಳಿಯದಂತೆ ಅಂಗೈಯಿಂದ ಸವರಿದರು.