ಅರ್ಧ ಬಡ್ಡಿಯ ಊಟ

ಅಪ್ಪ ತೀರಿಕೊಂಡ ಮೇಲೆ ಬಂದ ಹಣವನ್ನೆಲ್ಲ ಅವ್ವ ಬ್ಯಾಂಕಿನಲ್ಲಿ ಐದು ವರ್ಷಕ್ಕೆ ಠೇವಣಿ ಇಟ್ಟಳು. ಬಡ್ಡಿ ಶೇಕಡಾ ಹನ್ನೆರಡು. ಇಬ್ರಾಹಿಂಪಟ್ನಂನಲ್ಲಿ ಅಪ್ಪನ ಕೆಲಸಕ್ಕೆ ಕೊಟ್ಟಿದ್ದ ಕ್ವಾರ್ಟರ್ಸ್ ಬಿಟ್ಟು ವಿಜಯವಾಡದಲ್ಲಿದ್ದ ತನ್ನ ತಮ್ಮನ ಮನೆ ಸೇರಿದಳು. ಧಾರವಾಡ ಕಡೆಯ ನಮಗೆ ಅಲ್ಲಿ ಬೇರೆ ಯಾರಿದ್ದರು? ನಾನು ವಿಶಾಖಪಟ್ಟಣದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಬ್ಯಾಚುಲರ್ ಹಾಸ್ಟೆಲಿಗೆ ಅವಳನ್ನು ಕರೆತರುವಂತಿರಲಿಲ್ಲ. ಆ ದರದ ತಿಂಗಳ ಬಡ್ಡಿ ತನ್ನ ಕೈಗೆ ಬಿದ್ದಷ್ಟು ದಿನ ಮಾಮಾ 'ಅಕ್ಕಾ, ಅಕ್ಕಾ' ಎನ್ನುತ್ತ ಅವಳ ಹಿಂದೆಯೇ ಓಡಾಡಿದ.

ಠೇವಣಿಯ ಅವಧಿ ಮುಗಿದು ಮತ್ತೆ ಐದು ವರ್ಷಕ್ಕೆ ಇಡುವಾಗ ದರ ಆರಕ್ಕೆ ಇಳಿದಿತ್ತು. ಅದೇ ತಿಂಗಳು ಅವ್ವನ ಸಂಜೆಯ ಚಹಾ ನಿಂತಿತು. ರಾತ್ರಿ ಊಟದ ಬದಲು ಎರಡು ಬಾಳೆಹಣ್ಣು. ಇಂದ್ರಕೀಲಾದ್ರಿ ಬೆಟ್ಟ ಕಾಣುವ ಅವಳ ಕೋಣೆ ಬಾಡಿಗೆಗೆ ಹೋಯಿತು, ಹಾಸಿಗೆ ಪಡಸಾಲೆಗೆ ಬಂತು. ಕೇಳಿದರೆ ಮಾಮಾ ಕೈ ಆಡಿಸಿದ.

"ಬಡ್ಡೀನ ಅರ್ಧ ಆಗೇದ, ನಾ ಏನ್ ಮಾಡ್ಲೋ?"

ನನ್ನ ಮೈಯೆಲ್ಲ ಉರಿದುಹೋಯಿತು. ಠೇವಣಿಗೆ ಕಡಿಮೆ ಬಡ್ಡಿ ಕೊಡುವ ಕಾಲದಲ್ಲಿ ಬ್ಯಾಂಕಿನ ಸಾಲವೂ ಅಗ್ಗ. ಆ ಅಗ್ಗದ ಸಾಲದಲ್ಲೇ ಅವನು ವಿಶಾಖಪಟ್ಟಣದ ಮಧುರವಾಡದಲ್ಲಿ ಫ್ಲ್ಯಾಟ್ ಕೊಳ್ಳಲು ಹೊರಟಿದ್ದ. ಅವ್ವನಿಗೆಂದು ನಾನು ಕಳಿಸಿದ ದುಡ್ಡೂ ಅದರ ಮುಂಗಡಕ್ಕೇ ಹೋಗಿತ್ತು.

ಕಾಗದ ಹಿಡಿದು ನನ್ನ ಹತ್ತಿರವೇ ಬಂದ, ಅಳಿಯ ಲೆಕ್ಕದವನಲ್ಲವೇ! ಕೊನೆಯವರೆಗೂ ಒಂದೇ ಬಡ್ಡಿಯ ಸಾಲ ಬೇಕೋ, ಕಾಲಕ್ಕೆ ತಕ್ಕಂತೆ ಬದಲಾಗುವ ಫ್ಲೋಟಿಂಗ್ ಬೇಕೋ ಎಂದು ಕೇಳಿದ. ಸದ್ಯಕ್ಕೆ ಫ್ಲೋಟಿಂಗ್ ಕಡಿಮೆಯಿತ್ತು. ಇಷ್ಟು ಇಳಿದದ್ದು ಏರಿಯೇ ಏರುತ್ತದೆ, ಏರಿದರೆ ಅವನ ಸಂಬಳ ತಡೆಯದು ಎಂದು ನನಗೆ ಗೊತ್ತಿತ್ತು.

"ಕಡಿಮಿ ಇದ್ದದ್ದು ತಗೋ ಮಾಮಾ," ಎಂದೆ. ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದೆ.

ಆಮೇಲೆ ಪತ್ರಿಕೆಯಲ್ಲಿ ಬಡ್ಡಿ ಏರಿದ ಸುದ್ದಿ ಬಂದಾಗಲೆಲ್ಲ ಕ್ಯಾಂಟೀನಿನಲ್ಲಿ ಒಂದು ಜಿಲೇಬಿ ಹೆಚ್ಚಿಗೆ ತಿಂದೆ.

ಅವ್ವನ ಠೇವಣಿ ಮತ್ತೆ ಕೈಗೆ ಬರುವ ಹೊತ್ತಿಗೆ ಅವನ ಕಂತು ಸಂಬಳದ ಮುಕ್ಕಾಲು ಪಾಲು ನುಂಗುತ್ತಿತ್ತು. ಠೇವಣಿಗೆ ಈಗ ಹತ್ತು ಪರ್ಸೆಂಟ್. ನನಗೂ ಕ್ವಾರ್ಟರ್ಸ್ ಸಿಕ್ಕಿತ್ತು, ಅವ್ವನನ್ನು ಕರೆದೊಯ್ಯಲು ಹೋದೆ. ಮಾಮಾ ಅವಳ ಮುಂದೆ ಕೂತು ಅಂಗಲಾಚುತ್ತಿದ್ದ.

"ಅಕ್ಕಾ, ಆ ರೊಕ್ಕ ನನ್ನ ಸಾಲಕ್ಕ ತುಂಬು. ಇಲ್ಲಾಂದ್ರ ಫ್ಲ್ಯಾಟ್ ಹೋಗ್ತದ."

ಅವ್ವ ಸೀರೆ ಮಡಚುವುದನ್ನು ನಿಲ್ಲಿಸಲಿಲ್ಲ. "ಬಡ್ಡಿ ಅರ್ಧ ಆದಾಗ ಅರ್ಧ ಊಟ ಹಾಕಿದಿ. ಈಗ ಬಡ್ಡಿ ಏರೇದ, ನಾ ಹೊಂಟೀನಿ."

ಮಾಮಾ ನನ್ನತ್ತ ತಿರುಗಿದ. "ಏರ್ತದಂತ ನಿನಗ ಅವತ್ತ ಗೊತ್ತಿತ್ತೇನೋ?"

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತು," ಎಂದೆ. ಆಹಾ, ಎಷ್ಟು ಹಾಯೆನಿಸಿತು!

ಅವ್ವ ನನ್ನನ್ನೇ ದಿಟ್ಟಿಸಿದಳು. ಬೈಯುತ್ತಾಳೆಂದುಕೊಂಡೆ.

"ಇದನ್ನ ನನಗ ಆಗನ ಹೇಳಬಾರದೇನೋ?" ಎಂದಳು. "ನೆನೆಸ್ಕೋತ ಕೂತಿದ್ರ ಐದು ವರ್ಷ ಇಷ್ಟು ಹಸಿವು ಆಗ್ತಿದ್ದಿಲ್ಲ."